ಹಳೆಯ ಚಿತ್ರದ ಕೊಡಗಪಾಲ, ನಮ್ಮ ಗುಡ್ಡದ ಹಾಲೆ: ಎರಡೂ ಒಂದೇನಾ?

ಓದುಗರ ಪ್ರಶ್ನೆ

ನಾನು ಗಂಗಾವತಿ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕ. ಆನೆಗೊಂದಿ ಕಡೆಯ ಗುಡ್ಡಗಳ ಗಿಡಮರಗಳ ಬಗ್ಗೆ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದೇನೆ. ನಮ್ಮ ಹೊಲದ ಮೇಲಿನ ಗುಡ್ಡದಲ್ಲಿ ಎಲೆ ಕಿತ್ತರೆ ಹಾಲು ಬರುವ ಒಂದು ಮರ ಇದೆ. ಕುರಿ ಕಾಯುವವರು ಅದನ್ನು ಹಾಲೆ ಅನ್ನುತ್ತಾರೆ. ನಮ್ಮಮ್ಮ ಕೊಡಸಿಗ ಅನ್ನುತ್ತಿದ್ದಳು, ಭೇದಿಯಾದರೆ ಚಕ್ಕೆಯ ಕಷಾಯ ಕೊಡುತ್ತಿದ್ದಳು. ಮಗ ಇಂಟರ್ನೆಟ್ಟಿನಲ್ಲಿ ಹುಡುಕಿ 'ಹೊರ್ತುಸ್ ಮಲಬಾರಿಕುಸ್' ಎಂಬ ಹಳೆಯ ಪುಸ್ತಕದ ಬಣ್ಣದ ಚಿತ್ರವೊಂದನ್ನು ಪ್ರಿಂಟ್ ತೆಗೆದುಕೊಟ್ಟಿದ್ದಾನೆ. ನಾಲ್ಕು ಲಿಪಿಗಳಲ್ಲಿ ಹೆಸರಿದೆ, 'ಕೊಡಗ ಪಾಲ' ಅಂತ. ಒಂದು ಸಂಸ್ಕೃತ ಇರಬೇಕು. ಚಿತ್ರ ನಮ್ಮ ಮರದ ಹಾಗೇ ಕಾಣುತ್ತದೆ. ಆದರೆ ಒಂದು ಕಡೆ ಅದನ್ನು ಹೊಲರ್ರೀನಾ ಅಂತಾರೆ, ಇನ್ನೊಂದು ಕಡೆ ರೈಟಿಯಾ ಅಂತಾರೆ. ಹೊಸಪೇಟೆಯ ನರ್ಸರಿಯೊಂದರಲ್ಲಿ 'ರೈಟಿಯಾ ಆಂಟಿಡಿಸೆಂಟ್ರಿಕಾ' ಚೀಟಿ ಹಚ್ಚಿದ ಕುಂಡದ ಗಿಡ ನೋಡಿದೆ, ಅದು ನಮ್ಮ ಮರದ ಹಾಗಿಲ್ಲ. ಮೂರರಲ್ಲಿ ಯಾವುದು ನಿಜ? ಚಿತ್ರವನ್ನು ಪುಸ್ತಕದಲ್ಲಿ ಹಾಕಬಹುದಾ? ನಾಲ್ಕು ವರ್ಷದ ಮೊಮ್ಮಗನಿಗೆ ಆಗಾಗ ಹೊಟ್ಟೆ ಕೆಡುತ್ತದೆ. ಈ ಚಕ್ಕೆ ಕೊಡಬಹುದಾ? ಮರದ ನಾಲ್ಕು ಫೋಟೊ ಕಳಿಸಿದ್ದೇನೆ.

ಉತ್ತರ

ಮೇಷ್ಟ್ರೇ, ಮೊದಲು ಮಗುವಿನ ಮಾತು ಮುಗಿಸೋಣ. ಈಗ ಚಕ್ಕೆ ಕೊಡಬೇಡಿ. ಮರ ಯಾವುದು ಅನ್ನುವುದೇ ಇನ್ನೂ ಗಟ್ಟಿಯಾಗಿಲ್ಲ. ಗಟ್ಟಿಯಾದರೂ ನಾಲ್ಕು ವರ್ಷದ ಮಗುವಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಮನೆಯಲ್ಲಿ ಲೋಟದಲ್ಲಿ ಅಳೆದು ಹೇಳಲು ಆಗುವುದಿಲ್ಲ. ಕೊಡಸಿಗದ ಚಕ್ಕೆಯಲ್ಲಿ ಕೊನೆಸ್ಸೀನ್ ಎಂಬ ಆಲ್ಕಲಾಯ್ಡ್, ಅಂದರೆ ಮೈಮೇಲೆ ಜೋರಾಗಿ ಕೆಲಸ ಮಾಡುವ ಒಂದು ಸಸ್ಯರಾಸಾಯನಿಕ ಇದೆ. ಅಮೀಬಾದಿಂದ ಬರುವ ಆಮಶಂಕೆಗೆ ಅದನ್ನು ಒಂದು ಕಾಲದಲ್ಲಿ ಡಾಕ್ಟರುಗಳೂ ಬಳಸಿದ್ದರು. ನರಗಳ ಮೇಲೆ, ಮನಸ್ಸಿನ ಮೇಲೆ ಕೆಟ್ಟ ಪರಿಣಾಮ ಕಂಡು ಕೈಬಿಟ್ಟರು. ಅಂದರೆ ನಿಮ್ಮಮ್ಮನ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ, ಆ ಮರದಲ್ಲಿ ನಿಜಕ್ಕೂ ಶಕ್ತಿ ಇದೆ. ಅದಕ್ಕೇ ಹುಷಾರು ಬೇಕು. ಮಗುವಿಗೆ ಭೇದಿಯಾದ ದಿನ ಓಆರ್‌ಎಸ್ ಕುಡಿಸುತ್ತಿರಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಗು ಸಪ್ಪಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪದೇ ಪದೇ ಕೆಡುತ್ತಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಆಯುರ್ವೇದವೇ ಬೇಕೆಂದರೆ ಓದಿದ ವೈದ್ಯರ ಹತ್ತಿರ ಹೋಗಿ. ಗುಡ್ಡದಿಂದ ಕೆತ್ತಿ ತಂದ ಚಕ್ಕೆ ಮಾತ್ರ ಬೇಡ.

ಇನ್ನು ಮರಕ್ಕೆ ಬರೋಣ.

ನಿಮ್ಮ ಪ್ರಶ್ನೆಯ ಒಳಗಿನ ಅಳುಕು ನನಗೆ ಅರ್ಥವಾಗುತ್ತದೆ. ಮಕ್ಕಳ ಪುಸ್ತಕದಲ್ಲಿ ತಪ್ಪು ಹೆಸರು ಅಚ್ಚಾದರೆ ಅದು ಆ ಮಕ್ಕಳ ಬಾಯಲ್ಲಿ ಜೀವನಪೂರ್ತಿ ಉಳಿಯುತ್ತದೆ. ಮೂವತ್ತು ವರ್ಷ ಈ ಭಾಗದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ ನಾನೂ ಇದೇ ಮರದಲ್ಲಿ ಎಡವಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮುಂದಿರುವುದು ಒಂದೇ ಮರದ ಮೂರು ಹೆಸರಲ್ಲ. ಮೂರು ಬೇರೆ ಬೇರೆ ಗಿಡಗಳು. ಒಂದು ಕೊಡಸಿಗ: ಸಂಸ್ಕೃತದ ಕುಟಜ, ಇವತ್ತಿನ ಸರಿಯಾದ ವೈಜ್ಞಾನಿಕ ಹೆಸರು ಹೊಲರ್ರೀನಾ ಪ್ಯುಬೆಸೆನ್ಸ್. ಎರಡನೆಯದು ಹಾಲೆ ಅಥವಾ ಬೆಪ್ಪಾಲೆ, ಅಂದರೆ ರೈಟಿಯಾ ಟಿಂಕ್ಟೋರಿಯಾ. ಚನ್ನಪಟ್ಟಣದ ಬೊಂಬೆ ಮಾಡುವುದು ಇದೇ ಮರದಿಂದ. ಮೂರನೆಯದು ನರ್ಸರಿಯ ಕುಂಡದ್ದು. ಅದು ಶ್ರೀಲಂಕಾ ಮೂಲದ ಪೊದೆ, ಬಿಳಿ ಹೂವಿನ ಅಂದಕ್ಕೆ ಬೆಳೆಸುತ್ತಾರೆ. ಮೂರೂ ಕಣಗಿಲೆ ಕುಟುಂಬದವು. ಮೂರರಲ್ಲೂ ಹಾಲು ಬರುತ್ತದೆ, ಮೂರರದ್ದೂ ಬಿಳಿ ಹೂವು, ಎದುರುಬದುರು ಎಲೆ. ಗೊಂದಲ ಆಗದಿದ್ದರೇ ಆಶ್ಚರ್ಯ, ಅಲ್ವಾ?

ಈ ಗೊಂದಲಕ್ಕೆ ಕಾರಣ ಆ ಹಳೆಯ ಪುಸ್ತಕ ಕೆಟ್ಟದ್ದು ಅಂತಲ್ಲ. ಅದು ಬಹಳ ದೊಡ್ಡ ಕೆಲಸ. ಹೆಂಡ್ರಿಕ್ ಫಾನ್ ರೀಡ್ ಎಂಬ ಡಚ್ ಅಧಿಕಾರಿ ಕೊಚ್ಚಿಯಲ್ಲಿದ್ದಾಗ ಮಾಡಿಸಿದ್ದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. 700ಕ್ಕೂ ಹೆಚ್ಚು ಗಿಡಗಳಿವೆ. ಅದರ ಹಿಂದಿನ ತಿಳಿವಳಿಕೆ ಡಚ್ಚರದ್ದಲ್ಲ. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ತಮ್ಮ ಮನೆತನದ ಗಿಡಮೂಲಿಕೆ ವಿದ್ಯೆಯನ್ನು ಬಿಚ್ಚಿ ಹೇಳಿದರು. 1675ರಲ್ಲಿ ಅವರು ಬರೆದುಕೊಟ್ಟ ಹೇಳಿಕೆ ಮಲಯಾಳಂ ಅಕ್ಷರಗಳಲ್ಲೇ ಮೊದಲ ಸಂಪುಟದಲ್ಲಿದೆ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆಯೂ ಇದೆ. ನಿಮ್ಮ ಚಿತ್ರದ ಮೇಲಿನ ನಾಗರಿ ಅಕ್ಷರ ಅಲ್ಲಿಂದ ಬಂದದ್ದು. ಅದು ಸಂಸ್ಕೃತ ಅಲ್ಲ, ಕೊಂಕಣಿ ಹೆಸರು. ಲಿಪಿ ನೋಡಿ ಭಾಷೆ ಹೇಳಬಾರದು. ಈ ತಪ್ಪನ್ನು ಓದಿದವರೂ ಮಾಡುತ್ತಾರೆ. 'ಹೊರ್ತುಸ್‌ನಲ್ಲಿ ಸಂಸ್ಕೃತ ಹೆಸರಿದೆ, ಹಾಗಾಗಿ ಇದೇ ಆಯುರ್ವೇದದ ಗಿಡ' ಅಂತ ಬರೆದವರನ್ನು ನೋಡಿದ್ದೇನೆ. ಮಲಯಾಳಂ, ಅರಬ್ಬಿ, ನಾಗರಿ, ರೋಮನ್: ಇವು ನಾಲ್ಕು ಲಿಪಿಗಳು, ಅಷ್ಟೇ.

ಆದರೆ ಆ ವೈದ್ಯರ ಮಾತು ಕಾಗದಕ್ಕೆ ಬಂದ ದಾರಿ ಬಹಳ ಉದ್ದ. ಮಲಯಾಳಂನಲ್ಲಿ ಹೇಳಿದ್ದನ್ನು ಪೋರ್ಚುಗೀಸಿಗೆ ತಂದರು, ಅಲ್ಲಿಂದ ಡಚ್ಚಿಗೆ, ಅಲ್ಲಿಂದ ಲ್ಯಾಟಿನ್ನಿಗೆ. ಮೂರು ಸಲ ಕೈ ಬದಲಾಯಿತು. ಹೆಸರುಗಳ ಸ್ಪೆಲ್ಲಿಂಗ್ ಡಚ್ ಕಿವಿಯ ಸ್ಪೆಲ್ಲಿಂಗ್. ಟಿ, ಎಸ್, ಜೆ ಮೂರೂ ಸೇರಿದರೆ ನಮ್ಮ 'ಚ'. ಓ, ಇ ಜೋಡಿಯಾಗಿ ಬಂದರೆ 'ಉ'. ಸಿ ಅಂದರೆ ಸಾಮಾನ್ಯವಾಗಿ 'ಕ'. ಇದು ಗೊತ್ತಿಲ್ಲದೆ ಇಂಗ್ಲಿಷ್ ಓದಿದ ಹಾಗೆ ಓದಿದರೆ ಇಲ್ಲದ ಗಿಡವೊಂದು ಹುಟ್ಟಿಬಿಡುತ್ತದೆ. ಒಂದು ಬಗೆಯ ಅತ್ತಿ ಮರದ ವೈಜ್ಞಾನಿಕ ಹೆಸರಿನಲ್ಲಿ ಆ ಟಿ-ಎಸ್-ಜೆ ಇವತ್ತಿಗೂ ಹಾಗೇ ಕೂತಿದೆ. ನನ್ನ ವಿದ್ಯಾರ್ಥಿಗಳು ಅದನ್ನು 'ತ್ಸಜಹೇಲ' ಅಂತ ಕಷ್ಟಪಟ್ಟು ಓದುತ್ತಿದ್ದರು. ಅದು ಕೇರಳದವರ 'ಚೇಲ' ಅಂತ ಹೇಳಿದಾಗ ಮುಖ ಅರಳುತ್ತಿತ್ತು.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಬಳಸಿಕೊಳ್ಳಿ. ತಮಿಳು, ಮಲಯಾಳಂ, ತೆಲುಗಿನ ಎಷ್ಟೋ 'ಪ'ಗಳು ಕನ್ನಡದಲ್ಲಿ 'ಹ' ಆಗಿವೆ. ಪಾಲು ಹಾಲಾಯಿತು. ಹಾಗೇ ರೀಡ್‌ನ 'ಪೊಂಗಂ' ನಮ್ಮ ಹೊಂಗೆ. ಅದೇ ಲೆಕ್ಕದಲ್ಲಿ ಮಲಯಾಳಂನ ಪಾಲ ಅಂದರೆ ಕನ್ನಡದ ಹಾಲೆ. ಅಲ್ಲೇ ಜಾರುವುದು. ಪಾಲ ಒಂದು ಮರದ ಹೆಸರೇ ಅಲ್ಲ, 'ಹಾಲಿರುವುದು' ಅಂತ ಅರ್ಥ. ರೀಡ್‌ನ ಮೊದಲ ಸಂಪುಟದಲ್ಲಿ ಮೂರು ಚಿತ್ರ ಸಾಲಾಗಿ ಬರುತ್ತವೆ. 45ನೆಯದು ಬರೀ 'ಪಾಲ': ಅದು ಏಳೆಲೆಯ ಮದ್ದಾಲೆ. 46ನೆಯದು 'ಕುರುಟು ಪಾಲ': ನಂದಿಬಟ್ಟಲಿನ ಹತ್ತಿರದ ನಂಟ. 47ನೆಯದು ನಿಮ್ಮ 'ಕೊಡಗ ಪಾಲ'. ಮೂರು ಪಾಲ, ಮೂರು ಬೇರೆ ಬೇರೆ ಮರ. ನಮ್ಮಲ್ಲೂ ಹಾಗೇ. ಮದ್ದಾಲೆಯೂ ಹಾಲೆ, ಬೆಪ್ಪಾಲೆಯೂ ಹಾಲೆ. ನಿಮ್ಮ ಗಂಗಾವತಿ, ಸಿಂಧನೂರು, ಸಿರುಗುಪ್ಪದ ತೆಲುಗು ಮನೆಗಳಲ್ಲಿ ಕೇಳಿ ನೋಡಿ: 'ಪಾಲಕೊಡಿಶ' ಅನ್ನುವ ಹೆಸರನ್ನು ಕೊಡಸಿಗಕ್ಕೂ ಹಾಲೆಗೂ ಹೇಳುತ್ತಾರೆ. ಕುರಿ ಕಾಯುವವರು ಹಾಲೆ ಅಂದದ್ದೂ ತಪ್ಪಲ್ಲ, ನಿಮ್ಮಮ್ಮ ಕೊಡಸಿಗ ಅಂದದ್ದೂ ಸುಳ್ಳಲ್ಲ. ಊರಿನ ಹೆಸರು ಗಿಡದ ಒಂದು ಗುಣವನ್ನು ಹಿಡಿದು ಕರೆಯುತ್ತದೆ. ಅದು ಜಾತಿ ವಿಂಗಡಿಸಲು ಹುಟ್ಟಿದ್ದೇ ಅಲ್ಲ.

ಈಗ ಆ 'ಆಂಟಿಡಿಸೆಂಟ್ರಿಕಾ' ವಿಷಯ. ಜನ ಇದನ್ನು ಔಷಧದ ಸರ್ಟಿಫಿಕೇಟ್ ಅಂದುಕೊಂಡಿದ್ದಾರೆ. ಹೆಸರಿನ ಅರ್ಥ 'ಆಮಶಂಕೆಗೆ ಆಗುವುದು' ಅಂತ, ನಿಜ. ಆದರೆ ಅದು ಕೂತಿರುವ ಜಾಗ ನೋಡಿ. ಗಿಡಗಳಿಗೆ ಇವತ್ತಿನ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಭಾರತಕ್ಕೆ ಬಂದವನೇ ಅಲ್ಲ. ಪಾವುಲ್ ಹೆರ್ಮನ್ ಎಂಬ ವೈದ್ಯ 1670ರ ದಶಕದಲ್ಲಿ ಶ್ರೀಲಂಕಾದಲ್ಲಿ ಒಣಗಿಸಿಟ್ಟ ಗಿಡಗಳು ಲಿನೇಯಸ್‌ನ ಕೈಗೆ ಸಿಕ್ಕಿದ್ದವು. ರೀಡ್‌ನ ಚಿತ್ರಗಳೂ ಮುಂದಿದ್ದವು. 1753ರಲ್ಲಿ ಅವನು ಶ್ರೀಲಂಕಾದ ಒಣ ಗಿಡ, ಮಲಬಾರಿನ ಕೊಡಗ ಪಾಲದ ಚಿತ್ರ, ಎರಡನ್ನೂ ಒಂದೇ ಅಂದುಕೊಂಡು 'ನೇರಿಯಂ ಆಂಟಿಡಿಸೆಂಟ್ರಿಕಂ' ಅಂತ ಒಂದೇ ಹೆಸರಿಟ್ಟ. ಔಷಧದ ಖ್ಯಾತಿ ಮಲಬಾರಿನ ಮರದ್ದು. ಮುಂದೆ ಎರಡೂ ಬೇರೆ ಅಂತ ಗೊತ್ತಾದಾಗ, ಹೆಸರಿಡುವ ನಿಯಮದ ಪ್ರಕಾರ ಹೆಸರು ಶ್ರೀಲಂಕಾದ ಗಿಡಕ್ಕೆ ಹೋಯಿತು. ಅದೇ ಇವತ್ತಿನ ರೈಟಿಯಾ ಆಂಟಿಡಿಸೆಂಟ್ರಿಕಾ. ಕೊಡಸಿಗವನ್ನು ಔಷಧದ ಪುಸ್ತಕಗಳು ಬಹಳ ಕಾಲ ಹೊಲರ್ರೀನಾ ಆಂಟಿಡಿಸೆಂಟ್ರಿಕಾ ಅಂತ ಬರೆದವು, ಈಗಲೂ ಕೆಲವು ಬರೆಯುತ್ತವೆ. ಆ ಮರ ಹೊಲರ್ರೀನಾ ಪ್ಯುಬೆಸೆನ್ಸೇ. ಆದರೆ ರೈಟಿಯಾ ಆಂಟಿಡಿಸೆಂಟ್ರಿಕಾ ಅಂದಾಗ ಮಾತ್ರ ಅದು ಬೇರೆ ಗಿಡ. ನರ್ಸರಿಯವರು ಹಚ್ಚಿದ ಚೀಟಿ ಸರಿಯಾಗಿಯೇ ಇದೆ. ಅದನ್ನು ಓದಿ ಕುಂಡದ ಗಿಡದ ಎಲೆ ಕುದಿಸಿ ಕುಡಿಯುವವರ ಬಗ್ಗೆ ನನಗೆ ಭಯ.

ಪ್ಯುಬೆಸೆನ್ಸ್ ಹೆಸರಿಗೂ ನಿಮ್ಮ ಚಿತ್ರಕ್ಕೂ ನೇರ ನಂಟಿದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮುಂದೆ ರೀಡ್‌ನ ಚಿತ್ರಗಳನ್ನು ಒಂದೊಂದಾಗಿ ಕೂತು ವಿವರಿಸಿದ. ಆ ಟಿಪ್ಪಣಿಯ ಮೊದಲ ಭಾಗ 1822ರಲ್ಲಿ ಬಂತು. ಈ ಹೆಸರು ಅಲ್ಲಿಂದಲೇ ಬಂದದ್ದು. ಇನ್ನೊಬ್ಬರು ಇದೇ ಮರಕ್ಕೆ 'ಹೊಲರ್ರೀನಾ ಕೊಡಗ' ಅಂತಲೇ ಹೆಸರಿಟ್ಟಿದ್ದರು. ಹಾಗಾಗಿ ರೀಡ್‌ನ ಕೊಡಗ ಪಾಲ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡಸಿಗ. ಅದರಲ್ಲಿ ಈಗ ಜಗಳ ಇಲ್ಲ.

ಆದರೆ ನಿಮ್ಮ ಮರ ಕೊಡಗ ಪಾಲನಾ? ಅದು ಬೇರೆ ಪ್ರಶ್ನೆ. ಜನ ಈ ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ.

ಚಿತ್ರ ನಮ್ಮ ಮರದ ಹಾಗೇ ಇದೆ ಅಂದಿರಿ. ಯಾವ ಯಾವ ವಿಷಯದಲ್ಲಿ ಹಾಗೇ ಇದೆ? ಬಣ್ಣ ಅನ್ನುವುದಾದರೆ ಅದನ್ನು ಮೊದಲೇ ಬಿಟ್ಟುಬಿಡಿ. ರೀಡ್‌ನ ಚಿತ್ರಗಳು ತಾಮ್ರದ ತಗಡಿನಲ್ಲಿ ಕೆತ್ತಿ ಕಪ್ಪು ಮಸಿಯಲ್ಲಿ ಅಚ್ಚು ಹಾಕಿದವು. ಬಣ್ಣ ಆಮೇಲೆ ಯಾರೋ ತುಂಬಿದ್ದು. ತುಂಬಿದವರು ಆ ಗಿಡ ನೋಡಿದ್ದರು ಅಂತ ಹೇಳಲು ಆಗುವುದಿಲ್ಲ. ಅಳತೆ ಅನ್ನುವುದಾದರೆ ಅದೂ ಇಲ್ಲ. ಆ ಕಾಲದ ಚಿತ್ರಗಳಲ್ಲಿ ಅಳತೆಗೋಲು ಇರುವುದಿಲ್ಲ. ಹಾಳೆ ತುಂಬುವ ಹಾಗೆ ಬರೆಯುತ್ತಿದ್ದರು. ದೊಡ್ಡ ಎಲೆ ಕುಗ್ಗುತ್ತದೆ, ಸಣ್ಣ ಹೂವು ಹಿಗ್ಗುತ್ತದೆ. ಒಂದೇ ಕೊಂಬೆಯಲ್ಲಿ ಮೊಗ್ಗು, ಹೂವು, ಒಣಗಿ ಒಡೆದ ಕಾಯಿ ಎಲ್ಲ ಇರುವ ಚಿತ್ರಗಳೂ ಸಿಗುತ್ತವೆ. ಅದು ಒಂದು ದಿನದ ಕೊಂಬೆಯಲ್ಲ, ವರ್ಷವಿಡೀ ನೋಡಿದ್ದನ್ನು ಒಂದೇ ಹಾಳೆಗೆ ತಂದದ್ದು. ಗಿಡವನ್ನು ಬಲ್ಲವನಿಗೆ ಅದು ಅನುಕೂಲ. ಚಿತ್ರ ಹಿಡಿದು ಗುಡ್ಡ ಹತ್ತಿದವನಿಗೆ ಮೋಸ.

ಇನ್ನೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮರದ ವಿಷಯದಲ್ಲಿ ಇದು ನೇರವಾಗಿ ತಾಗುತ್ತದೆ. ಮನೆಯ ಅಂಗಳದ ಕಣಗಿಲೆಯ ಒಂದು ಮೊಗ್ಗು ಕಿತ್ತು ಮೇಲಿಂದ ನೋಡಿ. ಎಸಳುಗಳು ಒಂದರ ಮೇಲೊಂದು ಹೊದ್ದು ಸುರುಳಿ ಸುತ್ತಿರುತ್ತವೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಕೊಡಸಿಗದಲ್ಲಿ ಎಸಳುಗಳು ಬಲಕ್ಕೆ ಹೊದ್ದಿರುತ್ತವೆ, ಹಾಲೆಯಲ್ಲಿ ಎಡಕ್ಕೆ. ನಮ್ಮಂಥವರು ಗಿಡ ಗುರುತಿಸುವಾಗ ನೆಚ್ಚುವ ಗುರುತು ಅದು. ಈಗ ತಾಮ್ರದ ತಗಡನ್ನು ನೆನೆಯಿರಿ. ಚಿತ್ರವನ್ನು ಇದ್ದ ಹಾಗೇ ತಗಡಿನ ಮೇಲೆ ಕೆತ್ತಿ ಕಾಗದ ಒತ್ತಿದರೆ ಏನಾಗುತ್ತದೆ? ರಬ್ಬರ್ ಸ್ಟಾಂಪಿನ ಹಾಗೆ, ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕೆತ್ತುವವನು ಮೊದಲೇ ತಿರುಗಿಸಿ ಕೆತ್ತಿದ್ದರೆ ಸರಿ ಬರುತ್ತದೆ. ಬರೀ ಅಚ್ಚು ನೋಡಿ ಅವನು ಯಾವ ರೀತಿ ಕೆತ್ತಿದ ಅನ್ನುವುದು ತಿಳಿಯುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಕೆತ್ತನೆಗಾರನಿಗೆ ಅದು ಒಂದು ಅಂದದ ಸುರುಳಿ, ಅಷ್ಟೇ. ಬಳ್ಳಿಗಳಲ್ಲೂ ಇದೇ ಕಷ್ಟ. ಕಾಡುಗೆಣಸುಗಳಲ್ಲಿ ಕೆಲವು ಎಡಕ್ಕೆ ಸುತ್ತುತ್ತವೆ, ಕೆಲವು ಬಲಕ್ಕೆ. ಅದೇ ಜಾತಿಯ ಗುರುತು. ಅಚ್ಚಿನಲ್ಲಿ ಬಳ್ಳಿ ತಿರುಗಿಬಿಟ್ಟರೆ ಜಾತಿಯೇ ತಿರುಗಿಬಿಡುತ್ತದೆ. ಹಾಗಾಗಿ ಎಡ-ಬಲದ ಗುರುತನ್ನು ಹಳೆಯ ಅಚ್ಚಿನಿಂದ ಎಂದೂ ತೆಗೆದುಕೊಳ್ಳಬೇಡಿ, ಮರದಿಂದಲೇ ತೆಗೆದುಕೊಳ್ಳಿ.

ನಾನು ಎಡವಿದ್ದು ಹೀಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಡೂರು ಕಡೆಯಿಂದ ವಿದ್ಯಾರ್ಥಿಗಳು ಒಂದು ಕೊಂಬೆ ತಂದರು. ಎಲೆ, ನಾಲ್ಕು ಬಾಡಿದ ಹೂವು. ನನ್ನ ಬಳಿ ರೀಡ್‌ನ ಚಿತ್ರದ ಜೆರಾಕ್ಸ್ ಇತ್ತು. ಪಕ್ಕದಲ್ಲಿಟ್ಟು ನೋಡಿದೆ, ಹೋಲಿತು. ಹೊಲರ್ರೀನಾ ಅಂತ ಚೀಟಿ ಬರೆದೆ. ಮರುವರ್ಷ ಫೆಬ್ರವರಿಯಲ್ಲಿ ಅದೇ ಮರದ ಒಣ ಕಾಯಿ ಬಂತು. ಮೇಜಿನ ಮೇಲಿಟ್ಟು ಉಗುರಿನಿಂದ ಬಿಡಿಸಿದೆ. ಒಳಗೆ ಕಡ್ಡಿಯಂಥ ಬೀಜಗಳು, ಪ್ರತಿಯೊಂದಕ್ಕೂ ರೇಷ್ಮೆಯಂಥ ಜುಟ್ಟು. ಆ ಜುಟ್ಟು ಕಾಯಿಯ ತೊಟ್ಟಿನ ಕಡೆಗಿತ್ತು. ಕೊಡಸಿಗದಲ್ಲಿ ಅದು ಕಾಯಿಯ ತುದಿಯ ಕಡೆಗಿರಬೇಕು. ಫ್ಯಾನಿನ ಗಾಳಿಗೆ ಜುಟ್ಟುಗಳು ಎದ್ದು ಕೋಣೆಯೆಲ್ಲ ಹಾರಿದವು. ಮರ ಹಾಲೆಯಾಗಿತ್ತು. ಚೀಟಿ ತಿದ್ದಿದೆ. ಆದರೆ ಅಷ್ಟರಲ್ಲಿ ಆ ಬ್ಯಾಚಿನ ಹುಡುಗರು ತಪ್ಪು ಹೆಸರನ್ನೇ ರೆಕಾರ್ಡಿನಲ್ಲಿ ಬರೆದುಕೊಂಡು ಹೋಗಿಯಾಗಿತ್ತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ನೀವು ಕಳಿಸಿದ ಮೂರನೇ ಫೋಟೊದಲ್ಲಿ ಕಾಯಿಗಳು ಚೆನ್ನಾಗಿ ಕಾಣುತ್ತವೆ. ಉದ್ದನೆಯ ಸಣ್ಣ ಕಾಯಿಗಳು ಜೋಡಿ ಜೋಡಿಯಾಗಿ ನೇತಾಡುತ್ತಿವೆ. ಎರಡು ಜೋಡಿಗಳಲ್ಲಿ ತುದಿಗಳು ಒಂದಕ್ಕೊಂದು ಅಂಟಿವೆ, ಬಳೆಯ ಹಾಗೆ. ಅದು ಹಾಲೆಯ ಲಕ್ಷಣ. ಹಾಲೆಯ ಎಳೆಕಾಯಿ ತುದಿಯಲ್ಲಿ ಕೂಡಿರುತ್ತದೆ, ಬಲಿತಾಗ ಬಿಡಿಸಿಕೊಳ್ಳುತ್ತದೆ. ಕೊಡಸಿಗದ ಜೋಡಿಕಾಯಿಗಳು ಮೊದಲಿಂದಲೂ ಬಿಡಿ. ಎಲೆಗಳೂ ಕಿರಿದಾಗಿ, ನುಣುಪಾಗಿ ಕಾಣುತ್ತವೆ. ಕೊಡಸಿಗದ ಎಲೆ ಅಗಲ ಜಾಸ್ತಿ, ತೊಟ್ಟು ಬಹಳ ಗಿಡ್ಡ. ಜಾಗವೂ ಅದನ್ನೇ ಹೇಳುತ್ತದೆ. ಬಂಡೆಗಳ ನಡುವಿನ ಒಣ ಗುಡ್ಡದಲ್ಲಿ ಹಾಲೆ ಸಲೀಸಾಗಿ ಬೆಳೆಯುತ್ತದೆ. ರೀಡ್‌ನ ಪುಸ್ತಕ ಮಳೆ ಸುರಿಯುವ ಮಲಬಾರಿನದ್ದು. ಅಲ್ಲಿನ ಚಿತ್ರ ಹಿಡಿದು ತುಂಗಭದ್ರೆಯ ಬಂಡೆಗುಡ್ಡದಲ್ಲಿ ಗಿಡ ಹುಡುಕುವಾಗ ಈ ಅಂತರ ನೆನಪಿರಬೇಕು.

ಹಾಗಾಗಿ ನನ್ನ ಅಂದಾಜು: ನಿಮ್ಮ ಮರ ಹಾಲೆ, ರೈಟಿಯಾ ಟಿಂಕ್ಟೋರಿಯಾ. ಫೋಟೊ ನೋಡಿ ಇಷ್ಟು ಹೇಳಬಹುದು. ಅಚ್ಚು ಹಾಕುವ ಮುಂಚೆ ಇನ್ನೂ ಗಟ್ಟಿ ಮಾಡಿಕೊಳ್ಳಿ. ಒಣ ಕಾಯಿ ಸಿಕ್ಕರೆ ಗಾಳಿ ಇಲ್ಲದ ಕಡೆ ಕೂತು ಬಿಡಿಸಿ, ಜುಟ್ಟು ಯಾವ ಕಡೆಗಿದೆ ನೋಡಿ. ಬೇಸಿಗೆಯಲ್ಲಿ ಹೂವು ಬಂದಾಗ ಒಂದು ಹೂವನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ನಡುವೆ ಬಿಳಿ ದಾರದ ಕುಚ್ಚಿನಂಥ ಅಂಚು, ಅದರೊಳಗಿಂದ ಚೂಪಾಗಿ ಹೊರಗೆ ಬಂದ ಕೇಸರಗಳ ಗೋಪುರ ಕಂಡರೆ ಹಾಲೆ. ಕುಚ್ಚಿಲ್ಲದೆ, ಕೇಸರಗಳು ಸಣ್ಣ ಕೊಳವೆಯ ಒಳಗೇ ಅಡಗಿದ್ದರೆ ಕೊಡಸಿಗ. ಮಕ್ಕಳಿಗೆ ತೋರಿಸಲು ಇನ್ನೊಂದು ಇದೆ. ಹಾಲೆಯ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಗಾಜಿನ ಬಾಟಲಿಯಲ್ಲಿ ಕೆಲವು ದಿನ ಬಿಸಿಲಿಗಿಡಿ. ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಟಿಂಕ್ಟೋರಿಯಾ ಅಂದರೇನೇ ಬಣ್ಣದ್ದು ಅಂತ. ಈ ಎಲೆಯಿಂದ ನೀಲಿ ತೆಗೆಯುವ ಬಗ್ಗೆ ವಿಲಿಯಂ ರಾಕ್ಸ್‌ಬರೋ ಎಂಬ ಸ್ಕಾಟ್ಲೆಂಡಿನ ವೈದ್ಯ ವಿವರವಾಗಿ ಬರೆದಿದ್ದಾನೆ. ರುಚಿ ನೋಡಿ ಪರೀಕ್ಷಿಸುವುದು ಮಾತ್ರ ಬೇಡ. ಕೊಡಸಿಗದ ಚಕ್ಕೆ ಬಹಳ ಕಹಿ ಅನ್ನುವುದು ನಿಜ. ಆದರೆ ಕಹಿ ಚಕ್ಕೆಗಳು ಕಾಡಿನಲ್ಲಿ ಬೇಕಾದಷ್ಟಿವೆ, ಕೆಲವು ಪ್ರಾಣ ತೆಗೆಯುತ್ತವೆ.

ಹಾಗಾದರೆ ನಿಮ್ಮಮ್ಮ ಕೊಟ್ಟದ್ದೇನು? ಬಹುಶಃ ಹಾಲೆಯ ಚಕ್ಕೆಯನ್ನೇ ಕೊಡಸಿಗ ಅಂತ ಕೊಟ್ಟಿರಬಹುದು. ಗಿಡಮೂಲಿಕೆ ಅಂಗಡಿಗಳಲ್ಲೂ ಕೊಡಸಿಗದ ಚಕ್ಕೆಗೆ ಹಾಲೆಯ ಚಕ್ಕೆ ಬೆರೆಸುವುದು ಹಳೆಯ ರೂಢಿ. ಬೀಜದಲ್ಲೂ ಅಷ್ಟೇ, ಹಿಂದಿಯವರು ಒಂದನ್ನು ಕಹಿ ಇಂದ್ರಜವ, ಇನ್ನೊಂದನ್ನು ಸಿಹಿ ಇಂದ್ರಜವ ಅನ್ನುತ್ತಾರೆ. ಕಹಿಯದು ಕೊಡಸಿಗ, ಸಿಹಿಯದು ಹಾಲೆ. ಹಾಲೆಗೂ ಜನ ಮದ್ದಿನ ಗುಣ ಹೇಳುತ್ತಾರೆ, ಅದರ ಎಲೆಯ ಎಣ್ಣೆಯನ್ನು ತಮಿಳುನಾಡಿನ ಸಿದ್ಧ ವೈದ್ಯರು ಚರ್ಮದ ತೊಂದರೆಗೆ ಬಳಸುತ್ತಾರೆ. ಆದರೆ ಒಂದರ ಗುಣವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯಬಾರದು.

ಇನ್ನು ಪುಸ್ತಕದಲ್ಲಿ ಯಾವ ಚಿತ್ರ ಹಾಕಬೇಕು ಅನ್ನುವುದು. ಕೊಡಗ ಪಾಲದ ಚಿತ್ರ ಹಾಕಿ ಕೆಳಗೆ 'ನಮ್ಮ ಗುಡ್ಡದ ಹಾಲೆ' ಅಂತ ಬರೆದರೆ ಅದು ನೇರ ತಪ್ಪು. ಆ ಚಿತ್ರದ ಮೇಲೆ ಆಸೆ ಇದ್ದರೆ ಬೇರೆ ಪುಟದಲ್ಲಿ ಹಾಕಿ. ಬಣ್ಣವಿಲ್ಲದ ಮೂಲ ಅಚ್ಚನ್ನೇ ಹಾಕಿ. 'ಮಲಬಾರಿನ ಕೊಡಸಿಗ, ಹೊರ್ತುಸ್ ಮಲಬಾರಿಕುಸ್, ಸಂಪುಟ 1, ಚಿತ್ರ 47' ಅಂತ ಪೂರ್ತಿ ಬರೆಯಿರಿ. ಅಲ್ಲೇ ಇಟ್ಟಿ ಅಚ್ಯುತನ್ ಅವರ ಕಥೆ ಹೇಳಿ, ಮಕ್ಕಳಿಗೆ ಅದು ಗೊತ್ತಾಗಬೇಕು. ಪುಸ್ತಕದ ವಿವರ ಓದಬೇಕೆಂದರೆ ಲ್ಯಾಟಿನ್ ಕಲಿಯಬೇಕಿಲ್ಲ. ಕೇರಳದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ಕೂತು ಇಡೀ ಗ್ರಂಥವನ್ನು ಇಂಗ್ಲಿಷಿಗೆ ತಂದರು, 2003ರಲ್ಲಿ ಅದು ಪ್ರಕಟವಾಯಿತು. ಮಲಯಾಳಂ ಅನುವಾದ 2008ರಲ್ಲಿ ಬಂತು. ಅವರು ಬರೀ ಅನುವಾದ ಮಾಡಲಿಲ್ಲ. ರೀಡ್ ಹೇಳಿದ ನೆಲದಲ್ಲೇ ಗಿಡಗಳನ್ನು ಮತ್ತೆ ಹುಡುಕಿ ತಂದು ಚಿತ್ರದ ಜೊತೆ ಹೋಲಿಸಿದರು. ಹೆಸರು ಬಿಡಿಸುವ ಕೆಲಸ ಅಂದರೆ ಅದು.

ಒಣ ಸೀಮೆಯ ಗಿಡಗಳ ಹಳೆಯ ಚಿತ್ರ ಬೇಕೆಂದರೆ ರಾಕ್ಸ್‌ಬರೋನ ಕೋರಮಂಡಲ ತೀರದ ಸಸ್ಯಗಳ ಪುಸ್ತಕ ನಮಗೆ ಹತ್ತಿರ. 1795ರಿಂದ ಬಂದ ಮೂರು ಸಂಪುಟ, 300 ಚಿತ್ರ. ಅವನು ಗೋದಾವರಿ ಕಡೆಯ ಸಾಮರ್ಲಕೋಟದಲ್ಲಿದ್ದವನು, ಹೆಸರುಗಳನ್ನು ತೆಲುಗಿನಲ್ಲಿ ಕೊಟ್ಟಿದ್ದಾನೆ. ಬಳ್ಳಾರಿ, ರಾಯಚೂರಿನ ಕಿವಿಗೆ ಅವು ಪರಿಚಯದ ಹೆಸರುಗಳು. ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿಯ ಸಂಪುಟಗಳು ಇನ್ನೂ ಒಳ್ಳೆಯವು. 1838ರಿಂದ 1853ರವರೆಗೆ 2000ಕ್ಕೂ ಹೆಚ್ಚು ಚಿತ್ರಗಳು. ಅವನಿಗೆ ಚಿತ್ರ ಬರೆದುಕೊಟ್ಟವರು ರಂಗಯ್ಯ, ಗೋವಿಂದು ಎಂಬ ದಕ್ಷಿಣ ಭಾರತದ ಕಲಾವಿದರು. ಹೂವನ್ನು ಸೀಳಿ, ಕೇಸರ, ಬೀಜ ಬಿಡಿಯಾಗಿ ಬರೆದು ತೋರಿಸಿದ್ದಾರೆ. ಎರಡರಲ್ಲೂ ಒಂದು ತೊಂದರೆ: ಹೆಸರುಗಳು ಹಳೆಯವು. ಇವತ್ತಿನ ಹೆಸರು ಹುಡುಕದೆ ಹಾಗೇ ಇಳಿಸಿಕೊಳ್ಳಬೇಡಿ. ಗ್ಯಾಂಬಲ್ ಎಂಬ ಸಸ್ಯವಿಜ್ಞಾನಿಯ ಮದ್ರಾಸ್ ಪ್ರಾಂತ್ಯದ ಸಸ್ಯಗ್ರಂಥ 1915ರಿಂದ 1936ರವರೆಗೆ ಬಂತು, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ಅದರಲ್ಲಿ ಬಳ್ಳಾರಿಯ ಹೆಸರು ಹುಡುಕಿದರೆ ಸಿಗುತ್ತದೆ. ರಾಯಚೂರು, ಕೊಪ್ಪಳ ನಿಜಾಮರ ಕೆಳಗಿದ್ದವು. ಹಾಗಾಗಿ ತುಂಗಭದ್ರೆಯ ಬಳ್ಳಾರಿ ದಂಡೆಯ ಗಿಡ ಆ ಪುಸ್ತಕದ ಲೆಕ್ಕದೊಳಗೆ, ನಿಮ್ಮ ದಂಡೆಯದು ಹೊರಗೆ. ಗಿಡಕ್ಕೆ ಗಡಿ ಇಲ್ಲ, ಪುಸ್ತಕಕ್ಕೆ ಇದೆ. ನಿಮ್ಮ ಆನೆಗೊಂದಿಯ ಮರ ಅದರಲ್ಲಿ ಕಾಣದಿದ್ದರೆ ಇಲ್ಲಿ ಆ ಮರವೇ ಇಲ್ಲ ಅಂತ ತಿಳಿಯಬೇಡಿ.

ನನ್ನನ್ನು ಕೇಳಿದರೆ, ನಿಮ್ಮ ಮಕ್ಕಳಿಂದಲೇ ಚಿತ್ರ ಬರೆಸಿ. ಒಂದು ಎಲೆ, ಒಂದು ಹೂವು, ಒಂದು ಕಾಯಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬರೆದ ಊರು, ತಿಂಗಳು, ಹೆಸರು ಹೇಳಿದವರು ಯಾರು ಅಂತ ಕೆಳಗೆ ಬರೆಯಿಸಿ. 'ಕುರಿ ಕಾಯುವವರು ಹಾಲೆ ಅನ್ನುತ್ತಾರೆ, ಮೇಷ್ಟ್ರ ತಾಯಿ ಕೊಡಸಿಗ ಅನ್ನುತ್ತಿದ್ದರು' ಅಂತ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ. ಮುನ್ನೂರು ವರ್ಷದ ಹಿಂದಿನ ಚಿತ್ರಗಳನ್ನು ನಾವು ಇಷ್ಟು ಕಷ್ಟಪಟ್ಟು ಬಿಡಿಸಬೇಕಾಗಿ ಬಂದದ್ದು ಇಂಥ ನಾಲ್ಕು ಸಾಲು ಎಷ್ಟೋ ಕಡೆ ಇಲ್ಲದ್ದರಿಂದ.

ಜೊತೆಗೆ ಒಂದು ಕೊಂಬೆಯನ್ನು ಹೂವಿನ ಸಮೇತ ಹಳೆಯ ಪೇಪರಿನ ನಡುವೆ ಒತ್ತಿಡಿ. ಮೊದಲ ನಾಲ್ಕೈದು ದಿನ ಪೇಪರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಹಾಲಿನ ಗಿಡ ಬೇಗ ಬೂಸಲು ಹಿಡಿಯುತ್ತದೆ. ಕಾಯಿಯನ್ನು ಒಡೆದು ಚೆದುರದ ಹಾಗೆ ದಾರ ಸುತ್ತಿ ಬೇರೆ ಕವರಿನಲ್ಲಿ ಹಾಕಿ. ಹತ್ತಿರದ ಕಾಲೇಜು ಅಥವಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರಿಗೆ ತೋರಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣ ಗಿಡಗಳ ದೊಡ್ಡ ಸಂಗ್ರಹ ಇದೆ, ಕೊಯಮತ್ತೂರಿನಲ್ಲಿ ಭಾರತೀಯ ಸಸ್ಯ ಸಮೀಕ್ಷೆಯವರ ಹಳೆಯ ಮದ್ರಾಸ್ ಸಂಗ್ರಹವೂ ಇದೆ. ಕಾಯಿ ಈಗ ಮರದಲ್ಲಿರುವುದರಿಂದ ಮೊದಲು ಅದನ್ನು ತೆಗೆದಿಟ್ಟುಕೊಳ್ಳಿ. ಒಡೆದು ಹಾರಿಹೋದರೆ ಮತ್ತೆ ಒಂದು ವರ್ಷ ಕಾಯಬೇಕು. ಹೂವು ಬಂದ ಮೇಲೆ ಒಂದನ್ನು ಹತ್ತಿರದಿಂದ, ಮೇಲಿನಿಂದ, ಪಕ್ಕದಿಂದ ಫೋಟೊ ತೆಗೆದು ಕಳಿಸಿ. ಆ ಫೋಟೊವನ್ನು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾತ್ರ ತೆಗೆಯಬೇಡಿ, ಕೆಲವು ಫೋನುಗಳಲ್ಲಿ ಅದೂ ಎಡವನ್ನು ಬಲ ಮಾಡುತ್ತದೆ.